ಗೋಡೆ ಮುಚ್ಚುವ ಮೊದಲು ಕರೆದು ತೋರಿಸುವವ ಬೇಕು

ಮನೆ ರಿಪೇರಿ ಕುರಿತ ಓದುಗರ ಪ್ರಶ್ನೆಗಳಿಗೆ ಕುಮಟೆಯ ಹಾರ್ಡ್‌ವೇರ್ ಅಂಗಡಿಯೊಂದರ ಒಡತಿ ಉತ್ತರಿಸುತ್ತಾರೆ. ಈ ಸಲದ ಪತ್ರಗಳು ಪ್ಲಂಬರ್ ಆಯ್ಕೆಯ ಕುರಿತು.

ಪ್ರಶ್ನೆ: ಅಕ್ಕಾ, ಎರಡು ವರ್ಷದ ಹಿಂದೆ ಬಚ್ಚಲುಮನೆ ಹೊಸದಾಗಿ ಮಾಡಿಸಿದ್ದೆವು. ಈಗ ಅದರ ಆಚೆ ಬದಿಯ ಮಲಗುವ ಕೋಣೆಯಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಗೋಡೆ ಪಸೆಯಾಗಿ ಬಣ್ಣ ಏಳುತ್ತಿದೆ. ಕೆಲಸ ಮಾಡಿದವನಿಗೆ ಫೋನ್ ಮಾಡಿದರೆ ಮೊದಮೊದಲು 'ನಾಳೆ ಬತ್ತೆ' ಅನ್ನುತ್ತಿದ್ದ, ಈಗ ಎತ್ತುವುದೇ ಇಲ್ಲ. ಬೇರೊಬ್ಬನನ್ನು ಕರೆಸಿದೆ. ಬಂದವನು ನಿಂತ ಕಾಲಲ್ಲೇ 'ಟೈಲ್ಸ್ ಎಲ್ಲ ಒಡೀಬೇಕು' ಎಂದ. ಯಾರನ್ನು ನಂಬಲಿ?
– ಗೃಹಿಣಿ, ಕಾಜುಬಾಗ, ಕಾರವಾರ

ಉತ್ತರ: ನಿಂತ ಕಾಲಲ್ಲೇ ಒಡೆಯುವ ಮಾತಾಡಿದವನಿಗೆ ಸದ್ಯ ಕೆಲಸ ಕೊಡಬೇಡಿ ತಂಗೀ. ಅವನು ಹೇಳಿದ್ದು ಕೊನೆಗೆ ನಿಜವೇ ಆದೀತು. ಆದರೆ ಪಸೆ ಎಲ್ಲಿಂದ ಬಂತು ಎಂದು ನೋಡುವ ಮೊದಲೇ ಹೇಳಿದನಲ್ಲ, ಅದು ನನಗೆ ಸರಿ ಕಾಣಲಿಲ್ಲ. ನಮ್ಮ ಕಡೆಯ ಮನೆಗಳ ಗೋಡೆ ಹೆಚ್ಚಾಗಿ ಚಿರೆಕಲ್ಲಿನದು. ಆ ಕಲ್ಲಿನ ಮೈತುಂಬ ತೂತು. ಶವರಿನ ಹತ್ತಿರ ಸೋರಿದ ನೀರು ಕಲ್ಲೊಳಗೇ ಇಳಿದು, ಎರಡು ಮಾರು ದೂರದಲ್ಲಿ ನಿಮ್ಮ ಮಂಚದ ಹಿಂದೆ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಪಸೆ ಕಂಡಲ್ಲೇ ಒಡೆದರೆ ಎಷ್ಟೋ ಸಲ ಸೋರುವ ಜಾಗ ಸಿಗುವುದೇ ಇಲ್ಲ.

ನೀರು ಮೂರು ದಾರಿಯಲ್ಲಿ ಬಂದಿರಬಹುದು. ಟ್ಯಾಂಕಿಯಿಂದ ನಲ್ಲಿಗೆ ಬರುವ ಪೈಪು, ಬಚ್ಚಲ ನೀರು ಹೊರಗೆ ಹೋಗುವ ಪೈಪು, ಇಲ್ಲವೇ ಹೊರಗಿನ ಮಳೆ. ಪ್ಲಂಬರ್ ಬರುವ ಮೊದಲೇ ಇದನ್ನು ನೀವೇ ಅರ್ಧ ಪತ್ತೆ ಮಾಡಬಹುದು. ರಾತ್ರಿ ಮಲಗುವಾಗ ಎಲ್ಲ ನಲ್ಲಿ ಬಂದ್ ಮಾಡಿ, ಪಂಪ್ ಆಫ್ ಮಾಡಿ, ಟ್ಯಾಂಕಿಯೊಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರುತ್ತಿರುವುದು ನಲ್ಲಿಗೆ ಬರುವ ಪೈಪೋ, ಫ್ಲಶ್ ಟ್ಯಾಂಕೋ. ಫ್ಲಶ್ ಟ್ಯಾಂಕಿನ ಸಂಶಯ ತೀರಿಸಲು ಅದರೊಳಗೆ ಒಂದು ಚಮಚ ಅರಿಸಿನ ಪುಡಿ ಕದಡಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡಿನೊಳಗೆ ಹಳದಿ ಇಳಿದರೆ ಸೋರುವುದು ಅಲ್ಲಿ. ಇಳಿಯದಿದ್ದರೆ ಮಾರನೇ ರಾತ್ರಿ ಬಚ್ಚಲಿನ ವಾಲ್ವ್ ಒಂದನ್ನೇ ಬಂದ್ ಮಾಡಿ ಮತ್ತೆ ಗುರುತು ಹಾಕಿ. ಈಗ ಮಟ್ಟ ನಿಂತಿತೆಂದರೆ ತಪ್ಪು ಬಚ್ಚಲಿನ ಗೋಡೆಯ ಪೈಪಿನದೇ.

ಟ್ಯಾಂಕಿಯ ಮಟ್ಟ ಇಳಿಯದೆ ಪಸೆ ಮಾತ್ರ ಹೆಚ್ಚುತ್ತಿದ್ದರೆ ನೆಲದ ಕಡೆ ನೋಡಿ. ಬಚ್ಚಲಿನ ನಾನಿ ಟ್ರ್ಯಾಪಿನ, ಅಂದರೆ ನೆಲದ ನೀರು ಹೊರಹೋಗುವ ತೂತಿನ, ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದಿಂಚು ನೀರು ಕಟ್ಟಿ, ಒಂದು ಹಗಲು ಒಂದು ರಾತ್ರಿ ಬಿಡಿ. ನೀರು ಇಳಿದು ಪಸೆ ಏರಿದರೆ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ. ಕಟ್ಟಿದ ನೀರು ಹಾಗೇ ನಿಂತು, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ಪಸೆ ಏರಿದರೆ ಟ್ರ್ಯಾಪ್ ಅಥವಾ ಅದರಿಂದ ಮುಂದಿನ ಪೈಪು ಸೋರುತ್ತಿದೆ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕಾಣಿಸಿಕೊಂಡು ಬೇಸಿಗೆಯಲ್ಲಿ ಒಣಗುವ ಪಸೆಗೆ ಪ್ಲಂಬರ್ ಬೇಡ, ಗೌಂಡಿಯನ್ನು ಕರೆಸಿ.

ಇಷ್ಟು ತಿಳಿದುಕೊಂಡು ಪ್ಲಂಬರ್‌ನನ್ನು ಕರೆಸಿದರೆ ಅವನ ಯೋಗ್ಯತೆ ತಾನಾಗಿ ತಿಳಿಯುತ್ತದೆ. ಒಳ್ಳೆಯವನು ಮೊದಲು ಕೇಳುತ್ತಾನೆ: ಪಸೆ ಯಾವಾಗ ಶುರುವಾಯಿತು, ಗೀಸರ್ ಎಲ್ಲಿದೆ, ಒಳಗೆ ಹಾಕಿದ್ದು ಯಾವ ಪೈಪು, ಕೆಲಸ ನಡೆದಾಗಿನ ಫೋಟೋ ಇದೆಯೇ. ಎಲ್ಲ ವಾಲ್ವ್ ತಿರುಗಿಸಿ ನೋಡುತ್ತಾನೆ. ಗೀಸರಿನ ಕೆಳಗಿನ ಜೋಡಣೆಗೆ ಕೈ ಹಚ್ಚುತ್ತಾನೆ. ದರ ಹೇಳುವುದು ಇಷ್ಟೆಲ್ಲ ಆದ ಮೇಲೆ. ಏನೂ ಕೇಳದೆ ದರ ಹೇಳುವವನು ನಿಮ್ಮ ಮನೆಯ ಕೆಲಸಕ್ಕಲ್ಲ, ತನ್ನ ದಿನದ ಲೆಕ್ಕಕ್ಕೆ ದರ ಹೇಳುತ್ತಿದ್ದಾನೆ.

ಗೀಸರಿನ ಬಗ್ಗೆ ಕೇಳುವುದಕ್ಕೂ ಕಾರಣ ಇದೆ. ಬಿಳಿ ಯುಪಿವಿಸಿ ಪೈಪು ತಣ್ಣೀರಿಗೆ ಮಾತ್ರ. ಬಿಸಿನೀರಿಗೆ ಹಾಕಿದರೆ ಮೆತ್ತಗಾಗಿ ಜೋಡಣೆ ಬಿಡುತ್ತದೆ. ಬಿಸಿನೀರಿಗೆ ಕೆನೆಬಣ್ಣದ ಸಿಪಿವಿಸಿ ಬೇಕು. ಎರಡಕ್ಕೂ ಹಚ್ಚುವ ಸಾಲ್ವೆಂಟ್, ಅಂದರೆ ಪೈಪು ಜೋಡಿಸುವ ಅಂಟು, ಕೂಡ ಬೇರೆ ಬೇರೆ. ಸಿಪಿವಿಸಿ ಪೈಪು ಒಯ್ದು, ಯುಪಿವಿಸಿ ಸಾಲ್ವೆಂಟಿನ ಹಳೇ ಡಬ್ಬಿಯಲ್ಲೇ ಕೆಲಸ ಮುಗಿಸುವವರು ಇದ್ದಾರೆ. ಅಂಗಡಿಯ ಗಲ್ಲೆಯಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ಪೈಪು ಎಷ್ಟು ಹೋಯಿತು, ಡಬ್ಬಿ ಯಾವುದು ಹೋಯಿತು ಎಂದು ನಾವೇ ಬಿಲ್ ಬರೆಯುತ್ತೇವಲ್ಲ. ಆದ್ದರಿಂದ ಪ್ಲಂಬರ್‌ನ ಹೆಸರು ಬೇಕಾದಾಗ ನೆರೆಮನೆಯವರನ್ನು ಕೇಳುವ ಜೊತೆಗೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲೂ ಕೇಳಿ. 'ಒಳ್ಳೆ ಪ್ಲಂಬರ್ ಯಾರಿದ್ದಾರೆ' ಎಂದು ಕೇಳಬೇಡಿ, 'ಉಳಿದ ಫಿಟ್ಟಿಂಗ್ ವಾಪಸ್ ತಂದು ಮನೆಯವರ ಬಿಲ್ಲಿಗೆ ಕಡಿತ ಮಾಡಿಸುವವರು ಯಾರು' ಎಂದು ಕೇಳಿ. ಆ ಪ್ರಶ್ನೆಗೆ ಅಂಗಡಿಯವರು ಎರಡೋ ಮೂರೋ ಹೆಸರು ಹೇಳುತ್ತಾರೆ, ಆ ಹೆಸರುಗಳನ್ನು ಬರೆದುಕೊಳ್ಳಿ.

ಈಗ ಮುಖ್ಯವಾದ ಮಾತು. ಗೋಡೆ ಕೊರೆದು ಹೊಸ ಪೈಪು ಹಾಕಿದರೆ, ಮುಚ್ಚುವ ಮೊದಲು ಪ್ರೆಶರ್ ಟೆಸ್ಟ್ ಮಾಡಿ ತೋರಿಸಬೇಕು. ಈ ಮಾತನ್ನು ಕೆಲಸ ಒಪ್ಪಿಸುವಾಗಲೇ ಆಡಿ. ಟೆಸ್ಟ್ ಹೇಗೆಂದರೆ, ನಲ್ಲಿ ಬರುವ ಎಲ್ಲ ಬಾಯಿಗಳಿಗೂ ಪ್ಲಗ್ ಬಿಗಿದು, ಪೈಪಿನೊಳಗಿನ ಗಾಳಿ ತೆಗೆದು ನೀರು ತುಂಬಿಸುತ್ತಾರೆ. ಒಂದು ಬಾಯಿಗೆ ಕೈಪಂಪು ಜೋಡಿಸುತ್ತಾರೆ. ನೀರು ತುಂಬಿದ ಸಣ್ಣ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಉದ್ದ ಹಿಡಿ, ಪಕ್ಕದಲ್ಲಿ ಗಡಿಯಾರದಂಥ ಮೀಟರು. ಹಿಡಿಯನ್ನು ಒತ್ತಿದಂತೆಲ್ಲ ಮುಳ್ಳು ಮೇಲೇರುತ್ತದೆ. ಸಿಪಿವಿಸಿ ಪೈಪಿಗೆ 10 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡಕ್ಕೆ ಏರಿಸಿ ಒಂದು ಗಂಟೆ ಬಿಡುವುದು ರೂಢಿ. ಟ್ಯಾಂಕಿ ನಲ್ಲಿಗಿಂತ 6 ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ಬೀಳುವ ಒತ್ತಡ ಬರೀ 0.6 ಕೆ.ಜಿ. ಹತ್ತನ್ನು ಗಂಟೆ ಹೊತ್ತು ತಡೆದ ಜೋಡಣೆ ನಿಮ್ಮ ದಿನದ ನೀರಿಗೆ ಹೆದರುವುದಿಲ್ಲ. ಆ ಒಂದು ಗಂಟೆ ನೀವು ಅಲ್ಲೇ ಇರಿ. ಮುಳ್ಳು ಇಳಿಯತೊಡಗಿದರೆ ಒಣ ಕಾಗದದ ಚೂರು ಹಿಡಿದು ಪೈಪು ತಿರುಗುವ, ಕವಲೊಡೆಯುವ ಜೋಡಣೆಗಳನ್ನು, ಅಂದರೆ ಎಲ್ಬೋ, ಟೀಗಳನ್ನು, ಒಂದೊಂದಾಗಿ ಒರೆಸುತ್ತ ಹೋಗಬೇಕು. ಕಾಗದ ಒದ್ದೆಯಾದ ಜಾಗ ಕತ್ತರಿಸಿ ಹೊಸದು ಹಾಕಬೇಕು. ಜೋಡಿಸಿದ ದಿನವೇ ಟೆಸ್ಟ್ ಬೇಡ, ಮಾರನೇ ದಿನ ಮಾಡಿಸಿ. ಮಳೆಗಾಲದ ಥಂಡಿ ಗಾಳಿಯಲ್ಲಿ ಸಾಲ್ವೆಂಟ್ ಒಣಗಲು ಬೇಸಿಗೆಗಿಂತ ಹೆಚ್ಚು ಹೊತ್ತು ಬೇಕು. 'ಟೆಸ್ಟ್ ಎಲ್ಲ ಬೇಡ ಅಕ್ಕೋರೇ, ನನ್ನ ಕೈ ಮೇಲೆ ನಂಬಿಕೆ ಇಡಿ' ಎನ್ನುವವನಿಗೆ ಕೈ ಮುಗಿದು ಕಳಿಸಿಬಿಡಿ. ಪಂಪು ಇಲ್ಲದಿದ್ದರೆ ಬಾಡಿಗೆಗೆ ತಂದಾನು. ಮಾಡಲು ಮನಸ್ಸು ಬೇಕು.

ಟೆಸ್ಟ್ ಮುಗಿದ ಮೇಲೆ ಗೋಡೆಗೆ ಟೇಪು ಹಿಡಿದು, ಅಳತೆ ಕಾಣುವಂತೆ ಎಲ್ಲ ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕನ್ನಡಿಗೆ ಮೊಳೆ ಹೊಡೆಯುವ ದಿನ ಬೇಕಾಗುತ್ತದೆ.

ಸಾಮಾನಿನ ವಿಚಾರ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಪ್ಲಂಬರ್ ಕರೆತಂದ ಗಿರಾಕಿಯ ಬಿಲ್ಲಿನ ಮೇಲೆ ಅವನಿಗೆ ಇಷ್ಟು ಎಂದು ಕೊಡುವ ಪದ್ಧತಿ ನಮ್ಮ ವ್ಯಾಪಾರದಲ್ಲಿದೆ. ಅದಕ್ಕೇ ಅವನಿಂದ ಸಾಮಾನಿನ ಚೀಟಿ ಬರೆಸಿಕೊಂಡು ಎರಡು ಅಂಗಡಿಯಲ್ಲಿ ದರ ಕೇಳಿ, ದುಡ್ಡು ನೀವೇ ಕೊಟ್ಟು ಬಿಲ್ ನಿಮ್ಮ ಹೆಸರಿನಲ್ಲಿ ತೆಗೆದುಕೊಳ್ಳಿ. ಪೈಪಿನ ಮೈಮೇಲೆ ಐಎಸ್‌ಐ ಗುರುತು, ಜೊತೆಗೆ ಸಿಪಿವಿಸಿಗೆ 15778, ಯುಪಿವಿಸಿಗೆ 4985, ಹೊರಹೋಗುವ ಬೂದು ಪೈಪಿಗೆ 13592 ಎಂಬ ಸಂಖ್ಯೆ ಇದೆಯೇ ನೋಡಿ. ಪೈಪು ಒಂದು ಕಂಪನಿ, ಎಲ್ಬೋ ಇನ್ನೊಂದು ಕಂಪನಿ ಮಾಡಬೇಡಿ. ಕಾರವಾರದಂಥ ಸಮುದ್ರದ ಗಾಳಿಯ ಊರಲ್ಲಿ ಹೊರಗಿನ ಕ್ಲ್ಯಾಂಪು, ಸ್ಕ್ರೂ ಕಬ್ಬಿಣದ್ದಾಗಿದ್ದರೆ ಬೇಗ ತುಕ್ಕು ಹಿಡಿದು ಉದುರುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಹಿತ್ತಾಳೆಯ ವಾಲ್ವ್ ಕೇಳಿ ಹಾಕಿಸಿ. ಹಣ ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ. ಕೊನೆಯ ಕಂತು ಸ್ವಲ್ಪ ಉಳಿಸಿಕೊಂಡು ಒಂದು ತಿಂಗಳು ಬಳಸಿದ ಮೇಲೆ ಕೊಡುವುದೆಂದು ಮೊದಲೇ ಮಾತಾಗಿರಲಿ. ಆಮೇಲೆ ಹೇಳಿದರೆ ಜಗಳವಾಗುತ್ತದೆ.

ಫೋನ್ ಎತ್ತದ ಹಳೆಯವನ ಬಗ್ಗೆ: ಅವನಿಗೆ ದುಡ್ಡು ಕೊಟ್ಟ ದಾಖಲೆ, ಗೋಡೆಯ ಫೋಟೋ ಜೋಡಿಸಿಟ್ಟುಕೊಂಡು ಒಂದು ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ರಿಜಿಸ್ಟರ್ ಮಾಡಿ ಕಳಿಸಿ. ಆಗಲೂ ಬಾರದಿದ್ದರೆ ಕಾರವಾರದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದುಡ್ಡು ಪಡೆದು ಮಾಡಿದ ಸೇವೆಯಲ್ಲಿನ ಲೋಪಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ನಿಮ್ಮ ಕೆಲಸಕ್ಕೆ ಎರಡು ವರ್ಷ ಆಯಿತು ಎಂದಿದ್ದೀರಿ. ಆದ್ದರಿಂದ ಇದೇ ವಾರ ವಕೀಲರೊಬ್ಬರನ್ನು ಕಂಡು ನಿಮ್ಮ ಅವಧಿ ಎಲ್ಲಿಂದ ಲೆಕ್ಕ ಎಂದು ಕೇಳಿ.

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಹಳ್ಳಿಮನೆ. ಪೈಪೆಲ್ಲ ಹಳೆಯ ಜಿಐ (ಸತು ಲೇಪದ ಕಬ್ಬಿಣ). ಈಚೆಗೆ ಬಚ್ಚಲ ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆ, ರಭಸವೂ ಕಡಿಮೆ. ಒಬ್ಬ ಪ್ಲಂಬರ್ ಇಡೀ ಮನೆಯ ಪೈಪು ಬದಲಿಸಿ ಸಿಪಿವಿಸಿ ಹಾಕಬೇಕೆನ್ನುತ್ತಾನೆ. ಇನ್ನೊಬ್ಬ ಬಚ್ಚಲಿನದು ಮಾತ್ರ ಸಾಕು ಎನ್ನುತ್ತಾನೆ. ಖರ್ಚಿನಲ್ಲಿ ಅಜಗಜಾಂತರ. ಯಾರ ಮಾತು ಹಿಡಿಯಲಿ?
– ನಿವೃತ್ತ ಶಿಕ್ಷಕ

ಉತ್ತರ: ಮಾಸ್ತರ್ರೇ, ಇಬ್ಬರಲ್ಲಿ ಯಾರಾದರೂ ಒಂದು ತುಂಡು ಪೈಪು ಬಿಚ್ಚಿ ಒಳಗೆ ತೋರಿಸಿದರೇ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಜಿಐ ಪೈಪಿನಲ್ಲಿ ಯೂನಿಯನ್ (ಬಿಚ್ಚಿ ಕೂಡಿಸಲು ಬರುವ ಜೋಡಣೆ) ಇರುವಲ್ಲಿ ಬಿಚ್ಚುವುದು ಹತ್ತು ನಿಮಿಷದ ಕೆಲಸ. ಮುಕ್ಕಾಲು ಇಂಚಿನ ಪೈಪಿನೊಳಗೆ ತುಕ್ಕು ಕಟ್ಟಿ ಪೆನ್ಸಿಲ್ ಹೋಗುವಷ್ಟೇ ಜಾಗ ಉಳಿದಿದ್ದರೆ ನಿಮ್ಮ ಕಣ್ಣಿಗೇ ಕಾಣುತ್ತದೆ. ಟ್ಯಾಂಕಿಯ ಹತ್ತಿರ ಒಂದು ಕಡೆ, ಬಚ್ಚಲಿನಲ್ಲಿ ಒಂದು ಕಡೆ, ಅಡುಗೆಮನೆಯಲ್ಲಿ ಒಂದು ಕಡೆ ಬಿಚ್ಚಿ ತೋರಿಸಲು ಹೇಳಿ, ಆ ಕೂಲಿ ಬೇರೆ ಕೊಡುತ್ತೇನೆ ಎನ್ನಿ. ಒಪ್ಪಿ ಬಂದವನಿಗೇ ಕೆಲಸ ಕೊಡಿ, ಅವನು ಕಡಿಮೆ ದರದವನಿರಲಿ, ಹೆಚ್ಚಿನ ದರದವನಿರಲಿ.

ಅದಕ್ಕೂ ಮೊದಲು ಕೆಂಪು ಬಂದದ್ದು ಪೈಪಿನಿಂದಲೋ ನೀರಿನಿಂದಲೋ ನೋಡಿಕೊಳ್ಳಿ. ಬಾವಿಯಿಂದ ನೇರವಾಗಿ ಸೇದಿದ ನೀರನ್ನು ಬಿಳಿ ಪಾತ್ರೆಯಲ್ಲಿ ರಾತ್ರಿಯಿಡೀ ಇಡಿ. ಸೇದಿದಾಗ ತಿಳಿಯಾಗಿದ್ದ ನೀರು ಬೆಳಿಗ್ಗೆ ಕೆಂಪಾಗಿ ತಳದಲ್ಲಿ ಗಸಿ ಕಟ್ಟಿದ್ದರೆ ನೀರಿನಲ್ಲೇ ಕಬ್ಬಿಣದ ಅಂಶ ಇದೆ. ಗಾಳಿ ತಾಗಿದಾಗ ಅದು ಕೆಂಪಾಗುತ್ತದೆ. ಪೈಪು ಎಷ್ಟು ಹೊಸದು ಹಾಕಿದರೂ ಅದು ಹೋಗುವುದಿಲ್ಲ, ಸೋಸುವ ವ್ಯವಸ್ಥೆ ಬೇಕು. ಬಾವಿಯ ನೀರು ತಿಳಿಯಾಗೇ ಉಳಿದು, ನಲ್ಲಿಯಲ್ಲಿ ಬೆಳಗಿನ ಮೊದಲ ಕೊಡ ಮಾತ್ರ ಕೆಂಪು ಬಂದು ಆಮೇಲೆ ತಿಳಿಯಾದರೆ ಅದು ಪೈಪಿನ ತುಕ್ಕು. ಮಲೆನಾಡಿನ ನೀರು ಮೆದು, ಹಲವು ಕಡೆ ಸ್ವಲ್ಪ ಆಮ್ಲದ ಗುಣ. ಜಿಐ ಪೈಪಿನ ಸತುವಿನ ಲೇಪವನ್ನು ಅದು ತಿನ್ನುತ್ತದೆ. ಕುಡಿಯುವ ನೀರಿನ ಪಿ.ಎಚ್. 6.5ರಿಂದ 8.5ರ ನಡುವೆ ಇರಬೇಕು. ಒಮ್ಮೆ ಪರೀಕ್ಷೆ ಮಾಡಿಸಿಡಿ.

ಇನ್ನೊಂದು ವಿಷಯ. ನಿಮ್ಮ ಕಡೆ ಸೌದೆಯ ಬಾಯ್ಲರು, ಹಂಡೆ ಒಲೆ ಇನ್ನೂ ಇವೆ. ಅಡಿಕೆ ಸಿಪ್ಪೆ, ತೆಂಗಿನ ಗರಿ ಒಟ್ಟಿ ಉರಿ ಹಾಕಿದರೆ ನೀರು ಮರಳಿ ಹಬೆಯೇ ಬಂದೀತು. ಸಿಪಿವಿಸಿ ತಡೆಯುವುದು 93 ಡಿಗ್ರಿವರೆಗೆ. ಹಾಗಾಗಿ ಬಾಯ್ಲರಿನಿಂದ ಹೊರಬರುವ ಮೊದಲ ಒಂದೆರಡು ಅಡಿಗೆ ಲೋಹದ ಪೈಪೇ ಬೇಕು. ನೀರು ಯಾವುದರಲ್ಲಿ ಕಾಯಿಸುತ್ತೀರಿ ಎಂದು ಕೇಳದೆ 'ಪೂರ್ತಿ ಸಿಪಿವಿಸಿ' ಎಂದಿದ್ದರೆ ಅವನ ಲೆಕ್ಕಾಚಾರ ನನಗೆ ಹಿಡಿಸುವುದಿಲ್ಲ. ಕೊಟ್ಟಿಗೆಯ ಕಡೆ ಬಿಸಿಲಿಗೆ, ದನದ ಕೊಂಬಿಗೆ ಸಿಗುವ ಜಾಗದಲ್ಲಿ ಗಟ್ಟಿಯಿರುವ ಜಿಐ ಹಾಗೇ ಇರಲಿ. ಹೊರಗೆ ಪ್ಲಾಸ್ಟಿಕ್ ಪೈಪು ಹಾಕಲೇಬೇಕಾದರೆ ನೀರಿನಲ್ಲಿ ಕಲಸುವ ಪೇಂಟ್ ಹೊಡೆಸಿ, ಆಯಿಲ್ ಪೇಂಟ್ ಬೇಡ. ಜಿಐ ಮತ್ತು ಸಿಪಿವಿಸಿ ಕೂಡುವಲ್ಲಿ ಒಳಗೆ ಹಿತ್ತಾಳೆಯ ಮರೆ (ತಿರುಗಿಸಿ ಬಿಗಿಯುವ ತಿರುಪಿನ ಗೀರು) ಇರುವ ಫಿಟ್ಟಿಂಗೇ ಬೇಕು. ಹಳೆ ಕೈಯವರು ಕೆಲವರು ಪ್ಲಾಸ್ಟಿಕ್ ಮರೆಗೂ ನೂಲು ಸುತ್ತಿ, ಸಫೇದ (ಬಿಳಿ ಪೇಸ್ಟು) ಬಳಿದು ಪಾನಾದಲ್ಲಿ ಜೋರಾಗಿ ಬಿಗಿಯುತ್ತಾರೆ. ಅವತ್ತು ಸೋರುವುದಿಲ್ಲ, ಸ್ವಲ್ಪ ದಿನದಲ್ಲಿ ಸೀಳುತ್ತದೆ. ಅಲ್ಲಿ ಟೆಫ್ಲಾನ್ ಟೇಪು ಹಾಕಿ ಹದವಾಗಿ ಬಿಗಿದರೆ ಸಾಕು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಹೊನ್ನಾವರದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಪ್ರತಿ ಸಲ ಹೊಸ ಪ್ಲಂಬರ್, ಪ್ರತಿ ಸಲ ಹೊಸ ಕಥೆ. ದೂರದಿಂದ ಹೇಗೆ ನಿಭಾಯಿಸುವುದು?
– ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ತಮ್ಮಾ, ಒಬ್ಬನನ್ನೇ ಹಿಡಿದುಕೊಳ್ಳಿ. ಅದೇ ಕೇರಿಯವನೋ ಪಕ್ಕದ ಊರಿನವನೋ ಆಗಿರಲಿ. ಬಹಳ ಹೆಸರುವಾಸಿಯಾದ ದೂರದವನಿಗಿಂತ, ರಾತ್ರಿ ಟ್ಯಾಂಕಿಯ ಪೈಪು ಒಡೆದರೆ ಸೈಕಲ್ ತುಳಿದು ಬರುವವನು ಮೇಲು. ದೊಡ್ಡ ಕೆಲಸ ಕೊಡುವ ಮೊದಲು ವಾಷರ್ ಬದಲಿಸುವಂಥ ಸಣ್ಣ ಕೆಲಸ ಕೊಟ್ಟು ನೋಡಿ. ಹೇಳಿದ ಹೊತ್ತಿಗೆ ಬಂದನೇ, ಬರಲಾಗದಿದ್ದರೆ ತಿಳಿಸಿದನೇ, ಕಸ ಗುಡಿಸಿ ಹೋದನೇ ಎಂದು ಅಮ್ಮನನ್ನು ಕೇಳಿ. ದುಡ್ಡನ್ನು ಬೆಂಗಳೂರಿನಿಂದ ಮುಂಗಡ ಹಾಕಬೇಡಿ. ಅಮ್ಮ ನಲ್ಲಿ ತಿರುಗಿಸಿ ನೋಡಿ 'ಆಯ್ತು' ಅಂದ ಮೇಲೆ ಹಾಕಿ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಕರೆಸಿ ಟ್ಯಾಂಕಿ, ಫ್ಲೋಟ್, ಚೇಂಬರ್ ಎಲ್ಲ ನೋಡಿಸಿ. ಚೌತಿ ಹತ್ತಿರ ಬಂದಾಗ ಕರೆದರೆ ಯಾರೂ ಸಿಗುವುದಿಲ್ಲ, ಆಗ ಇಡೀ ಜಿಲ್ಲೆಯವರಿಗೆ ಮನೆ ಸರಿಮಾಡುವ ಗಡಿಬಿಡಿ.

ಒಂದು ಮಾತು ಕಡ್ಡಾಯ. ಸೆಪ್ಟಿಕ್ ಟ್ಯಾಂಕ್ ತುಂಬಿ ಕಟ್ಟಿಕೊಂಡರೆ ಪ್ಲಂಬರ್ ಆಗಲಿ ಬೇರೆ ಯಾರೇ ಆಗಲಿ ಒಳಗಿಳಿಯಲು ಬಿಡಬೇಡಿ ಎಂದು ಅಪ್ಪನಿಗೆ ಈಗಲೇ ಫೋನ್ ಮಾಡಿ ಹೇಳಿ. 'ನಾನೇ ಇಳೀತೆ, ಸ್ವಲ್ಪ ಜಾಸ್ತಿ ಕೊಡಿ' ಎನ್ನುವವರು ಸಿಗುತ್ತಾರೆ. ಒಳಗಿನ ವಿಷಗಾಳಿಗೆ ಜೀವ ಹೋಗುವುದಕ್ಕೆ ನಿಮಿಷಗಳು ಸಾಕು, ಎತ್ತಲು ಇಳಿದವರೂ ಉಳಿಯುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ರಕ್ಷಣಾ ಸಲಕರಣೆ ಇಲ್ಲದೆ ಜನರನ್ನು ಇಳಿಸುವುದು ಅಪರಾಧ. ಪಟ್ಟಣ ಪಂಚಾಯತಿಗೆ ಹೇಳಿ ಸಕ್ಕಿಂಗ್ ಗಾಡಿ ತರಿಸಿ.

ಪ್ರಶ್ನೆ: ಅಕ್ಕಾ, ನಾನು ಐಟಿಐನಲ್ಲಿ ಪ್ಲಂಬರ್ ಟ್ರೇಡ್ ಮುಗಿಸಿ ಒಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ. ಸ್ವಂತ ಶುರು ಮಾಡಬೇಕೆಂದಿದ್ದೇನೆ. ಹುಡುಗ ಎಂದು ಜನ ನಂಬುವುದಿಲ್ಲ. ಏನು ಮಾಡಲಿ?
– ಅಂಕೋಲಾ

ಉತ್ತರ: ನಿನ್ನ ಪತ್ರ ಓದಿ ತುಂಬಾ ಸಂತೋಷವಾಯಿತು ತಮ್ಮಾ. ಕಲಿತು ಬರುವ ಹುಡುಗರು ಈ ಕೆಲಸಕ್ಕೆ ಬೇಕು. ಪಟ್ಟಣದೊಳಗೆ ನಳದ ಸಂಪರ್ಕ ಕೊಡಲು ಪರವಾನಗಿ ಬೇಕೇ, ಹೇಗೆ ಪಡೆಯುವುದು ಎಂದು ಪುರಸಭೆಯ ನೀರು ಸರಬರಾಜು ವಿಭಾಗದಲ್ಲಿ ವಿಚಾರಿಸು. ಕೂಡಿಟ್ಟ ದುಡ್ಡಿನಲ್ಲಿ ಗೋಡೆ ಕೊರೆಯುವ ಗ್ರೈಂಡರಿಗಿಂತ ಮೊದಲು ಟೆಸ್ಟ್ ಪಂಪು ಕೊಳ್ಳು. ಮನೆಯವರು ಕೇಳದಿದ್ದರೂ ಟೆಸ್ಟ್ ಮಾಡಿ, ಯಜಮಾನರಿಗಿಂತ ಮೊದಲು ಮನೆಯ ಹೆಂಗಸರನ್ನು ಕರೆದು ಮುಳ್ಳು ತೋರಿಸು. ದಿನವಿಡೀ ಆ ನಲ್ಲಿ ತಿರುಗಿಸುವವರು ಅವರು, ಮುಂದಿನ ಮನೆಗೆ ನಿನ್ನ ಹೆಸರು ಹೇಳುವವರೂ ಅವರೇ. ಹೊರಹೋಗುವ ಪೈಪಿಗೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಟ್ಟಿದ್ದೀಯ ಎಂದು ಲೆವೆಲ್ ಇಟ್ಟು ತೋರಿಸು. ದರವನ್ನು ಬಾಯಲ್ಲಿ ಹೇಳಬೇಡ, ಸಾಮಾನು ಬೇರೆ, ಕೂಲಿ ಬೇರೆ ಮಾಡಿ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡು. ಬರಲಾಗದ ದಿನ ಬೆಳಿಗ್ಗೆಯೇ ಫೋನ್ ಮಾಡು. ಕೆಲಸ ಮುಗಿಸಿ ಹೊರಡುವಾಗ ಯಾವ ವಾಲ್ವ್ ಯಾವ ಕೋಣೆಯದು ಎಂದು ಪೇಂಟಿನಲ್ಲಿ ಬರೆದು, ಕೆಳಗೆ ನಿನ್ನ ಫೋನ್ ನಂಬರ್ ಹಾಕು.